ಮೀಟರಿಗೆ ಮೂರು ರೂಪಾಯಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕಾರ್ಯನಿರ್ವಾಹಕ ಇಂಜಿನಿಯರ್ ಒಬ್ಬರು ಹಂಚಿಕೊಂಡ ಅನುಭಾವದ ಬರಹ ರೂಪ)

 

ಅಪ್ಪಗಳು ನನಗೆ ಕೊಟ್ಟ ವಿಷಯ ‘ಸ್ಮರಣೆ ಮತ್ತು ದಾಸೋಹ’. ನಾನು ವಚನ ವಿದ್ವಾಂಸನಲ್ಲ. ಮೂವತ್ಮೂರು ವರ್ಷ ಗ್ರಾಮೀಣ ಕುಡಿಯುವ ನೀರು ಸರಬರಾಜಿನಲ್ಲಿ ಅಂದಾಜು ಪಟ್ಟಿ ಬರೆದವನು, ಪೈಪು ಹೂಳಿಸಿದವನು, ಮೇಜರ್‌ಮೆಂಟ್ ಬುಕ್ಕಿಗೆ ಸಹಿ ಹಾಕಿದವನು. ಆದ್ದರಿಂದ ಈ ವಿಷಯವನ್ನು ನನಗೆ ಗೊತ್ತಿರುವ ಭಾಷೆಯಲ್ಲೇ, ಅಂದರೆ ಲೀಟರು, ಮೀಟರು, ರೂಪಾಯಿಗಳಲ್ಲಿ ಹೇಳುತ್ತೇನೆ. ಹಿರಿಯರು ಸಹಿಸಿಕೊಳ್ಳಬೇಕು.

ನನ್ನ ಅಕ್ಕ 2022ರಲ್ಲಿ ಲಿಂಗೈಕ್ಯಳಾದಳು. ತಾಯಿ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ನಾಲ್ಕನೇ ಇಯತ್ತೆವರೆಗೆ ಓದಿದ್ದಳು. ರೊಟ್ಟಿ ಬಡಿಯುವುದು ಅವಳ ಕಾಯಕ. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ನೂರರ ಲೆಕ್ಕದಲ್ಲಿ ಕಟಿ ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಫೀ ಅವಳ ರೊಟ್ಟಿಯದು, ಊಟ ಮಠದ ಪ್ರಸಾದ ನಿಲಯದ್ದು. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಸೇರಿ ಅವಳ ಮೂತ್ರಪಿಂಡಗಳನ್ನು ತಿಂದವು. ಅರವತ್ತೆಂಟರ ವಯಸ್ಸಿನಲ್ಲಿ ಡಯಾಲಿಸಿಸ್ ಶುರುವಾಯಿತು. ಈ ಸಭೆಯಲ್ಲಿ ಎಷ್ಟು ಮನೆಗಳಲ್ಲಿ ಇದು ಗೊತ್ತಿರುವ ಮಾತೋ ನಾನು ಕೇಳುವುದಿಲ್ಲ, ಆದರೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ರೋಗಿಯ ರಕ್ತ ಹೊರಗೆ ಬಂದು ಒಂದು ಕೊಳವೆಯಂಥ ಶೋಧಕದ ಮೂಲಕ ಹಾದು ಮತ್ತೆ ದೇಹಕ್ಕೆ ಹೋಗುತ್ತದೆ. ಆ ಶೋಧಕದೊಳಗೆ ತೆಳುವಾದ ಪೊರೆ. ಪೊರೆಯ ಒಂದು ಕಡೆ ರಕ್ತ, ಇನ್ನೊಂದು ಕಡೆ ನೀರಿನಲ್ಲಿ ಕಲಸಿದ ಲವಣದ ದ್ರಾವಣ. ಈ ದ್ರಾವಣ ನಿಮಿಷಕ್ಕೆ ಸಾಮಾನ್ಯವಾಗಿ 500 ಮಿಲಿಲೀಟರ್ ಹರಿಯುತ್ತದೆ. ನಾಲ್ಕು ಗಂಟೆಗೆ ಎಷ್ಟಾಯಿತು? 120 ಲೀಟರ್. ನಾನು ಇಲಾಖೆಗೆ ಸೇರಿದ ಕಾಲದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 40 ಲೀಟರ್ ಎಂದು ಲೆಕ್ಕ ಹಿಡಿಯುತ್ತಿದ್ದೆವು. ಈಗ ಜಲಜೀವನ್ ಮಿಷನ್‌ನಲ್ಲಿ 55. ಅಂದರೆ ಒಬ್ಬ ರೋಗಿಯ ಒಂದು ಸರದಿಗೆ ಇಬ್ಬರ ಇಡೀ ದಿನದ ನೀರಿಗಿಂತ ಹೆಚ್ಚು ಬೇಕು. ಇದು ಶುದ್ಧೀಕರಿಸಿದ ನೀರಿನ ಲೆಕ್ಕ ಮಾತ್ರ, ಆರ್.ಓ. ಘಟಕ ಹೊರಗೆ ಚೆಲ್ಲುವ ನೀರು ಬೇರೆ.

ಅದೇ ಹೊತ್ತಿಗೆ ನನ್ನ ಅಕ್ಕನಿಗೆ ವೈದ್ಯರು ಹೇಳಿದ್ದು, ಚಹ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಮೀರಬಾರದು ಎಂದು. ಬೇಸಿಗೆಯಲ್ಲಿ ಒಲೆಯ ಮುಂದೆ ಕೂತು ಬೆಳೆದ ಜೀವ ಅದು. ಸಣ್ಣ ತಂಬಿಗೆಯಲ್ಲಿ ಅಳೆದು ಇಟ್ಟುಕೊಳ್ಳುತ್ತಿದ್ದಳು. “ತಮ್ಮಾ, ಊರಿಗೆಲ್ಲಾ ನೀರ ಕೊಟ್ಟಿ. ನನಗ ಒಂದ ತಂಬಗಿಗೆ ತಂದ ನಿಲ್ಲಿಸಿದಿ ನೋಡು” ಎಂದು ನಗುತ್ತಿದ್ದಳು.

ಕುಡಿಯುವ ನೀರಿಗೂ ಡಯಾಲಿಸಿಸ್ ನೀರಿಗೂ ಅಜಗಜಾಂತರ. ನಾವು ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೂ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್ ಒಂದು, ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ. ಹೊಟ್ಟೆಗೆ ಹೋದ ನೀರನ್ನು ಕರುಳು ಸೋಸುತ್ತದೆ, ಉಳಿದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಡಯಾಲಿಸಿಸ್ ರೋಗಿಗೆ ಇವೆರಡು ಕಾವಲೂ ಇಲ್ಲ. ವಾರಕ್ಕೆ ಮುನ್ನೂರು ಮುನ್ನೂರೈವತ್ತು ಲೀಟರ್ ನೀರು ಒಂದು ಪೊರೆಯಾಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ನಲ್ಲಿ ನೀರಿಗೆ ನಾವು ಹಾಕುವ ಕ್ಲೋರಿನ್, ನಮಗೆಲ್ಲ ರಕ್ಷಣೆ ಕೊಡುವ ವಸ್ತು, ಅಲ್ಲಿ ಉಳಿದುಕೊಂಡರೆ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಅಲ್ಯೂಮಿನಿಯಂ ಉಳಿದರೆ ಕಾಲಕ್ರಮೇಣ ಮೆದುಳಿಗೆ, ಎಲುಬಿಗೆ ಹಾನಿ. ಹಾಗಾಗಿ ಯಂತ್ರಕ್ಕಿಂತ ಮೊದಲು ನೀರಿನ ಘಟಕ ಸರಿ ಇರಬೇಕು. ಗಡಸುತನ ತೆಗೆಯುವ ಸಾಫ್ಟ್‌ನರ್, ಕ್ಲೋರಿನ್ ಹಿಡಿಯುವ ಇದ್ದಿಲಿನ ಶೋಧಕ, ಆಮೇಲೆ ಆರ್.ಓ. ಮೆಂಬ್ರೇನ್, ನೀರು ಎಲ್ಲೂ ನಿಂತು ಕೊಳೆಯದಂತೆ ಸದಾ ಸುತ್ತುವ ಪೈಪು. ನಮ್ಮ ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಸೀಮೆಯ ಬೋರ್‌ವೆಲ್ ನೀರು ಎಂಥದೆಂದು ನಿಮ್ಮ ಮನೆಯ ಬಕೆಟ್ಟಿನ ಬಿಳಿ ಕಲೆಯೇ ಹೇಳುತ್ತದೆ. ಅಂಥ ನೀರಿಗೆ ಸಿಕ್ಕ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಡಯಾಲಿಸಿಸ್ ಯಂತ್ರಗಳಿದ್ದವು. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಉಚಿತ. ಒಂದು ದಿನ ನೀರಿನ ಘಟಕ ಕೆಟ್ಟಿತು. ಯಂತ್ರಗಳು ಹೊಳೆಯುತ್ತ ನಿಂತಿದ್ದವು, ನೀರಿರಲಿಲ್ಲ. ಅಕ್ಕ ಹನ್ನೊಂದು ವಾರ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಬಂದಳು. ಬೆಳಗಿನ ಐದರ ಬಸ್ಸು, ರಾತ್ರಿ ಎಂಟಕ್ಕೆ ಮನೆ. ನನ್ನ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ, ಜೊತೆಗೆ ಬರುತ್ತಿದ್ದ ಇನ್ನಿಬ್ಬರು ರೋಗಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ. ಮೂವರನ್ನೂ ಕೂಡಿಸಿಕೊಂಡು ಹೋದ ದಿನಗಳೂ ಉಂಟು. ಹನ್ನೆರಡನೆಯ ವಾರ ಹೃದಯ ನಿಂತಿತು. ನೀರಿನ ಘಟಕವೇ ಅವಳನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಡಯಾಲಿಸಿಸ್ ರೋಗಿಗಳ ಹೃದಯ ಮೊದಲೇ ದಣಿದಿರುತ್ತದೆ, ವೈದ್ಯರೂ ಅದನ್ನೇ ಹೇಳಿದರು. ಆದರೆ ಆ ಹನ್ನೊಂದು ವಾರ ಅವಳು ಮನೆಯಲ್ಲಿ ಮಲಗಬಹುದಾಗಿದ್ದ ಮಧ್ಯಾಹ್ನಗಳನ್ನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆದಳು. ಇದಂತೂ ಸತ್ಯ.

ಇನ್ನು ಸ್ಮರಣೆಯ ವಿಷಯ. ಬಸವಾದಿ ಶರಣರು ಸಾವನ್ನು ಸೂತಕವೆಂದು ಎಣಿಸಲಿಲ್ಲ. ತಿಥಿ, ಪಿಂಡ, ಶ್ರಾದ್ಧ ನಮ್ಮವಲ್ಲವೆಂದು ನಾವು ಭಾಷಣ ಮಾಡುತ್ತೇವೆ. ಆದರೆ ಮನೆಯಲ್ಲಿ ಸಾವಾದಾಗ ಏನಾಗುತ್ತದೆ? ಶ್ರಾದ್ಧ ಹೋಯಿತು, ಅದರ ಜಾಗದಲ್ಲಿ ಸಾವಿರ ಜನರ ಊಟ ಬಂತು, ಗದ್ದುಗೆಯ ಮೇಲೆ ಅಮೃತಶಿಲೆಯ ಮಂಟಪ ಬಂತು, ಪತ್ರಿಕೆಯಲ್ಲಿ ಕಾಲು ಪುಟದ ಫೋಟೋ ಬಂತು. ಹೆಸರು ಬದಲಾಯಿತು, ಖರ್ಚು ಹೆಚ್ಚಾಯಿತು. ಅಕ್ಕನ ಮಗ, ನನ್ನ ಅಳಿಯ, ಮೊದಲ ವರ್ಷದ ಪುಣ್ಯಸ್ಮರಣೆಗೆ ಮಂಟಪವೂ ಊಟವೂ ಸೇರಿ ಆರು ಲಕ್ಷದ ಪಟ್ಟಿ ತಯಾರಿಸಿದ್ದ. “ಮಾಮಾ, ನನ್ನವ್ವ ಜೀವನಪೂರ್ತಿ ಮಂದಿಗೆ ಉಣಿಸಿದಾಕಿ. ಆಕಿ ಹೆಸರಿಲೆ ಉಣಿಸಬ್ಯಾಡ ಅಂತೀರೇನು?” ಎಂದ. ಆ ಮಾತಿಗೆ ಎದುರು ಹೇಳುವುದು ಸುಲಭವಲ್ಲ. ನಾನು ಒಂದೇ ಕೇಳಿದೆ: ನಿನ್ನವ್ವನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದ ಇಬ್ಬರು ಇವತ್ತೂ ಐದರ ಬಸ್ಸಿಗೇ ಹೋಗುತ್ತಿದ್ದಾರೆ, ಅವರಿಗೇನು ಉಣಿಸುತ್ತೀ?

ಅವನು ತನ್ನ ದಾರಿ ಹಿಡಿದ, ನಾನು ನನ್ನದು. ಮಂಟಪ ಇವತ್ತು ನಮ್ಮೂರಿನ ಹೊಲದಲ್ಲಿದೆ. ಸಣ್ಣದಾಗಿ, ಚೆನ್ನಾಗಿಯೇ ಇದೆ. ಮಗನಾದವನ ದುಃಖಕ್ಕೆ ನಾನು ಇಂಜಿನಿಯರಿಕೆ ಮಾಡಲು ಹೋಗಲಿಲ್ಲ.

ನಾನು ಆಸ್ಪತ್ರೆಗೆ ಹೋಗಿ ಘಟಕವನ್ನು ನೋಡಿದೆ. ದಾನಿಗಳು ಕೊಟ್ಟ ಯಂತ್ರದ ಮೇಲೆ ಹೆಸರಿನ ಫಲಕ ಇತ್ತು, ಗೋಡೆಯ ಗಡಿಯಾರದ ಮೇಲೆ ಇತ್ತು, ಮಂಚದ ಮೇಲೂ ಇತ್ತು. ಮೆಂಬ್ರೇನ್ ಮೇಲೆ ಯಾರ ಹೆಸರೂ ಇರಲಿಲ್ಲ, ಏಕೆಂದರೆ ಅದು ಕೊಳವೆಯೊಳಗೆ ಇರುತ್ತದೆ, ಕಾಣುವುದಿಲ್ಲ, ಎರಡು ಮೂರು ವರ್ಷಕ್ಕೆ ತೆಗೆದು ಎಸೆಯಬೇಕು. ಕಾಣುವುದಕ್ಕೆ ದಾನಿಗಳು ಸಿಗುತ್ತಾರೆ, ಸವೆಯುವುದಕ್ಕೆ ಸಿಗುವುದಿಲ್ಲ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಕಥೆಯೂ ಇದೇ. ಉದ್ಘಾಟನೆಗೆ ರಿಬ್ಬನ್ ಇತ್ತು, ಫಿಲ್ಟರ್ ಬದಲಿಸಲು ಹಣ ಇರಲಿಲ್ಲ.

ಅಂದಾಜು ಪಟ್ಟಿ ಮಾಡಿದೆ. ಹೊಸ ಘಟಕ ಮತ್ತು ಪೈಪಿನ ಕೆಲಸಕ್ಕೆ 5 ಲಕ್ಷ 60 ಸಾವಿರ. ಐದು ವರ್ಷದ ನಿರ್ವಹಣೆ, ಮೆಂಬ್ರೇನ್, ಶೋಧಕ, ನೀರಿನ ಪರೀಕ್ಷೆಗೆ 3 ಲಕ್ಷ 40 ಸಾವಿರ. ಒಟ್ಟು 9 ಲಕ್ಷ. ಆರೋಗ್ಯ ರಕ್ಷಾ ಸಮಿತಿಯ ಒಪ್ಪಿಗೆ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಅದರ ವಿವರ ಬೇಡ, ಕಚೇರಿ ಕಂಡವರು ಊಹಿಸಿಕೊಳ್ಳಬಹುದು.

ಹಣ ಹೇಗೆ ಕೂಡಿಸುವುದು? ನನ್ನ ಮೊಮ್ಮಗಳು ಹೇಳಿದಳು, ಈಗ ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ, ಬೆಟ್ಟ ಹತ್ತುತ್ತಾರೆ, ಅದಕ್ಕೆ ಪರಿಚಯದವರು ಹಣ ಕೊಡುತ್ತಾರೆ, ಅದನ್ನು ಚಾಲೆಂಜ್ ಎನ್ನುತ್ತಾರೆ ಎಂದು. ನನಗೆ ಅರವತ್ತಾರು. ಓಡಲಾರೆ, ನಡೆಯಬಲ್ಲೆ. ಬಸವಕಲ್ಯಾಣದಿಂದ ಕೂಡಲಸಂಗಮಕ್ಕೆ ನಡೆಯುವುದೆಂದು ನಿಶ್ಚಯಿಸಿದೆ. ಬಸವಣ್ಣನವರು ಕಲ್ಯಾಣ ಬಿಟ್ಟು ಸಂಗಮಕ್ಕೆ ಮರಳಿದ ನೆನಪು ಎಲ್ಲರಿಗೂ ಇದೆ. ಕಲಬುರಗಿ, ಜೇವರ್ಗಿ, ಸಿಂದಗಿ, ಬಸವನ ಬಾಗೇವಾಡಿ, ನಿಡಗುಂದಿ, ಆಲಮಟ್ಟಿ ಮಾರ್ಗವಾಗಿ, ತಂಗುವ ಮಠಗಳ ಒಳದಾರಿಯನ್ನೂ ಸೇರಿಸಿ 300 ಕಿಲೋಮೀಟರ್ ಮಾಡಿಕೊಂಡೆ. ದಿನಕ್ಕೆ 20ರಂತೆ 15 ದಿನ. 9 ಲಕ್ಷವನ್ನು 3 ಲಕ್ಷ ಮೀಟರಿನಿಂದ ಭಾಗಿಸಿದರೆ ಮೀಟರಿಗೆ ಮೂರು ರೂಪಾಯಿ. ಈ ಸಂಖ್ಯೆ ಬಂದ ಕೂಡಲೇ ನನಗೆ ಧೈರ್ಯ ಬಂತು. ಒಂಬತ್ತು ಲಕ್ಷ ಕೇಳಲು ನಾಚಿಕೆ, ಮೂರು ರೂಪಾಯಿ ಕೇಳಲು ಎಂಥ ನಾಚಿಕೆ?

ಮೊದಲ 30 ಕಿಲೋಮೀಟರ್, ಅಂದರೆ 90 ಸಾವಿರ, ನನ್ನ ಪಿಂಚಣಿಯದು. ಉಳಿದದ್ದಕ್ಕೆ ಒಂದು ವಹಿ ಮಾಡಿದೆ. ರಸ್ತೆ ಕೆಲಸದಲ್ಲಿ ನಾವು ಚೈನೇಜ್ ಎಂದು ಬರೆಯುತ್ತೇವಲ್ಲ, ಹಾಗೆ. ಹಣ ಕೊಟ್ಟವರಿಗೆ ಅವರ ದಾರಿಯ ತುಂಡು ಎಲ್ಲಿಂದ ಎಲ್ಲಿಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಹೆಸರಿನ ಫಲಕ ಎಲ್ಲೂ ಇಲ್ಲವೆಂದು ಮೊದಲೇ ಹೇಳಿದೆ. ನನಗೆ ಹಳೆಯ ಪರಿಚಯದ ಗುತ್ತಿಗೆದಾರರೊಬ್ಬರು ಒಂದು ಲಕ್ಷ ಕೊಡಲು ಬಂದರು, ಘಟಕದ ಗೋಡೆಗೆ ತಂದೆಯ ಹೆಸರಿನ ಕಲ್ಲು ಕೂರಿಸಬೇಕೆಂಬ ಷರತ್ತಿನ ಮೇಲೆ. ನನ್ನ ಅಕ್ಕನ ಹೆಸರೇ ಅಲ್ಲಿ ಇರುವುದಿಲ್ಲ ಎಂದೆ. ಬಹಳ ಹೊತ್ತು ಯೋಚಿಸಿ ಅವರು ನೂರು ಮೀಟರ್ ಹಿಡಿದರು. ಮುನ್ನೂರು ರೂಪಾಯಿ. ಅದಕ್ಕೂ ಚೀಟಿ ಬರೆದುಕೊಟ್ಟೆ.

2023ರ ಡಿಸೆಂಬರಿನಲ್ಲಿ ಅನುಭವ ಮಂಟಪಕ್ಕೆ ನಮಿಸಿ ಹೊರಟೆ. ನಡಿಗೆಯ ಬಗ್ಗೆ ಬಹಳ ಹೇಳುವುದಿಲ್ಲ. ಮುಂಜಾನೆ ಕತ್ತಲಲ್ಲೇ ಹೊರಟು ಬಿಸಿಲೇರುವ ಮೊದಲು ಹತ್ತು ಹನ್ನೆರಡು, ಸಂಜೆ ಉಳಿದದ್ದು. ಮೊಣಕಾಲಿಗೆ ಪಟ್ಟಿ. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಕಾಲ ಅದು, ಹಿಂದಿನ ಟ್ರೇಲರಿಗೆ ದೀಪವಿರುವುದಿಲ್ಲ. ರಾತ್ರಿ ಯಾವುದಾದರೂ ಮಠದಲ್ಲಿ, ಶಾಲೆಯಲ್ಲಿ ವಾಸ್ತವ್ಯ. ಇಷ್ಟಲಿಂಗ ಪೂಜೆ, ಪ್ರಸಾದ, ಮಲಗುವುದು. ಕರೆದ ಕಡೆ ಹತ್ತು ನಿಮಿಷ ನೀರಿನ ವಿಷಯ ಮಾತಾಡುತ್ತಿದ್ದೆ.

ಆರನೆಯ ದಿನ ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯನ್ನು ದಾಟಿದೆ. ಅಲ್ಲಿಂದ ಮುಂದೆ ಕಿಲೋಮೀಟರ್ 112ರ ಹತ್ತಿರ ಹತ್ತು ಮೀಟರ್ ನಮ್ಮೂರ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ತಾಯಿಯದು. ಮೂವತ್ತು ರೂಪಾಯಿ ಕೊಟ್ಟಿದ್ದರು. ಅಲ್ಲಿಂದಲೇ ಫೋನು ಮಾಡಿದೆ. “ಅಕ್ಕಾರ, ನಿಮ್ಮ ಹತ್ತು ಮೀಟರ್ ಬಂತ್ರಿ, ಈಗ ನಡೀಲಿಕತ್ತೀನಿ” ಎಂದೆ. ಆ ಕಡೆಯಿಂದ, “ಅಲ್ಲಿ ನೆಳ್ಳ ಐತೇನ್ರಿ ಸಾಹೇಬ್ರ?” ಎಂದರು. ಒಂದು ಬೇವಿನ ಗಿಡ ಇತ್ತು. ಐತ್ರಿ ಎಂದೆ. “ಹಂಗಾರ ಕುಂತ ಹೋಗ್ರಿ ಒಂದೀಟು” ಎಂದರು. ಕೂತೆ. ಎದುರಿಗೆ ತೊಗರಿ ಹೊಲ, ಕಾಯಿ ಬಲಿತು ನಿಂತಿತ್ತು. ಆ ಹೊತ್ತು ಅಕ್ಕನ ನೆನಪು ಎಷ್ಟು ಬಂತೆಂದು ಇಲ್ಲಿ ಹೇಳಲಾರೆ.

ಸಿಂದಗಿ ದಾಟಿದ ಮೇಲೆ ಒಂದು ಊರಿನಲ್ಲಿ ಹಿರಿಯ ಶರಣರೊಬ್ಬರು ಸಭೆಯಲ್ಲೇ ನನ್ನನ್ನು ತಡೆದು ಕೇಳಿದರು. “ಶರಣ ಧರ್ಮದಾಗ ಕಾಯಕ ಐತಿ, ದಾಸೋಹ ಐತಿ. ಬೇಡೂದು ಎಲ್ಲೈತಿ? ನಿಮಗ ಪಿಂಚಣಿ ಐತಿ, ಮಗ ಬೆಂಗಳೂರಾಗ ದುಡೀತಾನ. ನಿಮ್ಮ ಅಕ್ಕನ ಹೆಸರಿಲೆ ನೀವ ಕೊಡ್ರಿ. ಮಂದಿ ಮುಂದ ಕೈಯೊಡ್ಡಿ ನಡದರ ಅದ್ಹೆಂಗ ದಾಸೋಹ ಆದೀತು?”

ಒಳ್ಳೆಯ ಪ್ರಶ್ನೆ. ಈ ಗೋಷ್ಠಿಯಲ್ಲೂ ಕೆಲವರ ಮನಸ್ಸಿನಲ್ಲಿ ಇರಬಹುದು. ನಾನು ಕೊಟ್ಟ ಉತ್ತರ ಹೀಗಿತ್ತು. ತನಗಾಗಿ ಬೇಡುವುದು ಬೇರೆ, ಸಮಾಜಕ್ಕಾಗಿ ಜೋಳಿಗೆ ಹಿಡಿಯುವುದು ಬೇರೆ. ನಾನು ನಾಲ್ಕು ವರ್ಷ ಉಂಡದ್ದು ಜೋಳಿಗೆಯ ಅನ್ನ. ಮಠದ ಅಪ್ಪಗಳು ಹಳ್ಳಿ ಹಳ್ಳಿ ತಿರುಗಿ ಜೋಳ, ಬೇಳೆ ಕೂಡಿಸಿ ತರದಿದ್ದರೆ ನನ್ನಂಥ ನೂರಾರು ಹುಡುಗರು ಹೊಲಕ್ಕೆ ಮರಳುತ್ತಿದ್ದರು. ನಮ್ಮ ಸಮಾಜದಲ್ಲಿ ಎರಡು ಪರಂಪರೆಗಳಿವೆ. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟರು, ಫ.ಗು. ಹಳಕಟ್ಟಿಯವರು ವಚನಗಳ ಮುದ್ರಣಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇದು ಇದ್ದದ್ದನ್ನು ಕೊಡುವ ಪರಂಪರೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಕಟ್ಟಿದ ಸಪ್ತರ್ಷಿಗಳಂಥವರದು ಇನ್ನೊಂದು. ತಮ್ಮ ದುಡಿಮೆಯನ್ನೂ ಕೊಟ್ಟರು, ಸಮಾಜದಿಂದಲೂ ಕೂಡಿಸಿದರು. ನನ್ನ ಪಿಂಚಣಿಯಲ್ಲಿ ಎಲ್ಲವನ್ನೂ ಕೊಡಬಹುದಿತ್ತು, ಎರಡು ಮೂರು ವರ್ಷ ಹಿಡಿಯುತ್ತಿತ್ತು. ಆದರೆ ಆಗ ಆ ಘಟಕ ನನ್ನದಾಗುತ್ತಿತ್ತು. ನಾನು ಹೋದ ಮೇಲೆ ಅದನ್ನು ಕೇಳುವವರು ಯಾರು? ಮೂವತ್ತು ರೂಪಾಯಿ ಕೊಟ್ಟ ತಾಯಿ ಆಸ್ಪತ್ರೆಗೆ ಹೋದಾಗ ಕೇಳುತ್ತಾರೆ, “ನಮ್ಮ ನೀರಿನ ಮಷಿನ್ ಚಾಲೂ ಐತೇನ್ರಿ” ಎಂದು.

ಹಿರಿಯರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಬೆಳಿಗ್ಗೆ ಊರ ಹೊರಗಿನವರೆಗೆ ಜೊತೆಗೆ ನಡೆದು ಬಂದರು.

ಬಾಗೇವಾಡಿಯಲ್ಲಿ ಅಳಿಯ ಬಂದು ಕೂಡಿಕೊಂಡ. ಏನೂ ಮಾತಾಡದೆ ಚೀಲ ತೆಗೆದುಕೊಂಡು ಆಲಮಟ್ಟಿಯವರೆಗೆ ನಡೆದ. ಹದಿನೈದನೆಯ ದಿನ ಸಂಜೆ ಸಂಗಮ ತಲುಪಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಐಕ್ಯ ಮಂಟಪವನ್ನು ಮುಳುಗಿಸದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿದ್ದಾರಲ್ಲ, ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಹೋಗುವಾಗಲೆಲ್ಲ ಅದನ್ನು ಕಟ್ಟಿದ ಇಂಜಿನಿಯರುಗಳಿಗೆ ಮನಸ್ಸಿನಲ್ಲೇ ಶರಣೆನ್ನುತ್ತೇನೆ.

ಈಗ ಕಷ್ಟದ ಭಾಗ. ನಡಿಗೆ ಮುಗಿಯುವ ಹೊತ್ತಿಗೆ 9 ಲಕ್ಷ ತುಂಬಿತ್ತು. ಆದರೆ ಹಣ ನಿಲ್ಲಲಿಲ್ಲ. ಇನ್ನೂ 1 ಲಕ್ಷ 26 ಸಾವಿರ ಬಂತು. ಅನೇಕರು, ಇರಲಿ ಬಿಡಿ, ಯಾವುದಕ್ಕಾದರೂ ಆಗುತ್ತದೆ ಎಂದರು. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನಿಮಗೆ ಗೊತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಇದ್ದಲ್ಲೇ ಸುರಿದು ಬರಲು ಹೇಳಿದರು. ನನಗೆ ಇದರ ಜೊತೆಗೆ ಇಲಾಖೆಯ ಪಾಠವೂ ಇತ್ತು. ಅಳೆಯದ ಕೆಲಸಕ್ಕೆ ಬಿಲ್ಲು ಬರೆಯಬಾರದು. ಮುನ್ನೂರು ಕಿಲೋಮೀಟರ್ ಆಚೆ ನಾನು ನಡೆದಿಲ್ಲ, ನಡೆಯದ ಮೀಟರಿಗೆ ಮೂರು ರೂಪಾಯಿ ತೆಗೆದುಕೊಳ್ಳುವುದು ಹೇಗೆ?

28 ಕಿಲೋಮೀಟರಿನ ಹಣ, 84 ಸಾವಿರ, ಯಾರದೆಂದು ಗೊತ್ತಿತ್ತು. ಒಬ್ಬೊಬ್ಬರಿಗೂ ಫೋನು ಮಾಡಿ ಹಿಂದಿರುಗಿಸಿದೆ. ಕೆಲವರಿಗೆ ಬೇಸರವಾಯಿತು, ಒಬ್ಬರಂತೂ ಅವಮಾನವೆಂದೇ ತಿಳಿದರು. ಉಳಿದ 42 ಸಾವಿರ ಹುಂಡಿಯ ಹಣ, ಕೊಟ್ಟವರ ಗುರುತಿಲ್ಲ. ಅದಕ್ಕೆ 14 ಕಿಲೋಮೀಟರ್ ಆಗಬೇಕಿತ್ತು. ನಮ್ಮೂರಿನ ಅಕ್ಕನ ಬಳಗದ ತಾಯಂದಿರು ಒಂದು ಭಾನುವಾರ ಆ ದಾರಿಯನ್ನು ತಾವೇ ನಡೆದು ವಹಿಯಲ್ಲಿ ಸಹಿ ಹಾಕಿದರು. ಆ ಹಣವನ್ನು ರೋಗಿಗಳ ಬಸ್ ಖರ್ಚಿಗೆ ಇಟ್ಟಿದ್ದೇವೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ಗಂಡಸು ರೋಗಿಗೆ, ಜೊತೆಗೆ ಬರುವ ಮಗನಿಗೆ ಟಿಕೆಟ್ ಇದೆ.

ಘಟಕ ಈಗ ನಡೆಯುತ್ತಿದೆ. ಬೆಳಗಿನ ಮೊದಲ ಸರದಿಗೆ ಮುನ್ನ ಕ್ಲೋರಿನ್ ಮತ್ತು ಗಡಸುತನ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಇಬ್ಬರು ನಿವೃತ್ತ ವಿಜ್ಞಾನ ಶಿಕ್ಷಕರು ವಾರಕ್ಕೊಮ್ಮೆ ಆ ಪುಸ್ತಕ ನೋಡಿ ಬರುತ್ತಾರೆ. ನಿರ್ವಹಣೆಯ ಹಣ ಪ್ರತ್ಯೇಕ ಖಾತೆಯಲ್ಲಿದೆ, ಬಿಲ್ಲು ನೋಡಿ ನೇರವಾಗಿ ಪೂರೈಕೆದಾರರಿಗೆ ಪಾವತಿ. ಅಕ್ಕನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದವರಲ್ಲಿ ಒಬ್ಬರು ತೀರಿಕೊಂಡರು. ಇನ್ನೊಬ್ಬರು ಈಗ ಆಟೋದಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ ಸೇರುತ್ತಾರೆ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ.

ಇಲ್ಲಿ ಬೇರೆ ಬೇರೆ ತಾಲ್ಲೂಕಿನಿಂದ ಬಂದವರಿದ್ದೀರಿ. ನಿಮ್ಮ ಆಸ್ಪತ್ರೆಗೆ ಹೋದಾಗ ಡಯಾಲಿಸಿಸ್ ಯಂತ್ರ ಎಷ್ಟಿವೆ ಎಂದು ಕೇಳಬೇಡಿ. ನೀರಿನ ಪರೀಕ್ಷೆಯ ಪುಸ್ತಕ ತೋರಿಸಿ ಎಂದು ವಿನಯದಿಂದ ಕೇಳಿ. ಕೊನೆಯ ತಾರೀಖು ಯಾವುದಿದೆ ನೋಡಿಕೊಂಡು ನನಗೆ ತಿಳಿಸಿದರೆ, ಅಂದಾಜು ಪಟ್ಟಿ ಮಾಡಿಕೊಡುವುದು ನನ್ನ ಕಾಯಕ, ಅದಕ್ಕೆ ಹಣವಿಲ್ಲ. ನಡೆಯುವವರು ಮಾತ್ರ ನಿಮ್ಮೂರಿನವರೇ ಆಗಬೇಕು. ನನ್ನ ಎಡ ಮೊಣಕಾಲು ಇನ್ನೊಂದು ಮುನ್ನೂರಕ್ಕೆ ಒಪ್ಪುತ್ತಿಲ್ಲ.

ವಹಿಯನ್ನು ತಂದಿದ್ದೇನೆ. ಪ್ರಸಾದದ ನಂತರ ನೋಡಬಯಸುವವರು ಆ ಕಂಬದ ಹತ್ತಿರ ಬನ್ನಿ.